ಟಾರ್ಪಿ ಮನೆತನದ ಕುಡಿತ

ಗಂಡನ ಬಾಯಿ ಮೂಸಿ ನೋಡುವ ಕೆಲಸ ನನಗೆ ನಲವತ್ತಾರನೇ ವಯಸ್ಸಿನಲ್ಲಿ ಅಂಟಿಕೊಂಡಿತು. ಅದಕ್ಕೆ ಮುಂಚೆ ಇಪ್ಪತ್ತೈದು ವರ್ಷ ಸಂಸಾರ ಮಾಡಿದ್ದರೂ ಅಂಥ ಯೋಚನೆ ಬಂದಿರಲಿಲ್ಲ. ಎಮೆಟ್ ಟಾರ್ಪಿ ಹದಿಮೂರನೇ ವಯಸ್ಸಿನಲ್ಲಿ ಚರ್ಚಿನಲ್ಲಿ ಬಿಷಪ್ಪರ ಮುಂದೆ ನಿಂತು, ಮದ್ಯ ಮುಟ್ಟುವುದಿಲ್ಲ ಎಂದು ಆಣೆ ಮಾಡಿದವನು. ನಮ್ಮ ಐರಿಶ್ ಕ್ಯಾಥೊಲಿಕರಲ್ಲಿ ಗಂಡುಹುಡುಗರೆಲ್ಲ ಆ ಆಣೆ ಮಾಡುತ್ತಾರೆ. ಇಪ್ಪತ್ತೊಂದು ತುಂಬಿದ ದಿನ ಅದರ ಗಡುವು ಮುಗಿಯುತ್ತದೆ, ಅವತ್ತು ಸಂಜೆಯೇ ಬಾರಿಗೆ ಓಡುತ್ತಾರೆ. ಎಮೆಟ್ ಓಡಲಿಲ್ಲ. ಆಣೆಯ ಕಾಗದಕ್ಕೆ ಕಟ್ಟು ಹಾಕಿಸಿ ಅಡುಗೆಮನೆ ಗೋಡೆಗೆ, ಗಡಿಯಾರದ ಪಕ್ಕದಲ್ಲಿ ನೇತುಹಾಕಿಕೊಂಡ. ನಮ್ಮ ಮದುವೆಯ ದಿನವೂ ಅವನ ಲೋಟದಲ್ಲಿದ್ದದ್ದು ಶುಂಠಿ ಸೋಡಾ. ಅವನ ಅಪ್ಪ ಕಾನ್ ಟಾರ್ಪಿ ಕುಡಿದೂ ಕುಡಿದೂ ಸರ್ಕಾರಿ ಹುಚ್ಚಾಸ್ಪತ್ರೆ ಸೇರಿ ಐವತ್ತೊಂದಕ್ಕೇ ಸತ್ತವನು ಎಂದು ಚರ್ಚಿಗೆ ಸೇರಿದ ಇಡೀ ಪ್ಯಾರಿಷ್‌ಗೆ ಗೊತ್ತಿತ್ತು. ಅಂಥವನ ಹೊಟ್ಟೆಯಲ್ಲಿ ಇಂಥ ಮಗನೇ ಎಂದು ಮೆಚ್ಚಿಕೊಂಡೇ ನನ್ನ ಅಪ್ಪ ನನ್ನನ್ನು ಕೊಟ್ಟಿದ್ದು.

ಅಮೆರಿಕದಲ್ಲಿ, ಬಾಸ್ಟನ್ನಿಗೆ ಹತ್ತಿರದ ವೂಸ್ಟರಿನಲ್ಲಿ ನಮ್ಮದು ಮೂರಂತಸ್ತಿನ ಮರದ ಮನೆ. ಕೆಳಗೆ ಅತ್ತೆ ಅಗಾಥಾ, ನಡುವೆ ನಾವು. ಮೇಲಿನದನ್ನು ಮಗಳು ರೋಸಲೀನ್‌ಗೆಂದು ಖಾಲಿ ಮಾಡಿಸಿದ್ದೆವು. ಜೂನ್‌ನಲ್ಲಿ ಅವಳಿಗೂ ಜೆರಾರ್ಡ್ ಲಾಫ್ಟಸ್‌ಗೂ ಮದುವೆ. ಎಮೆಟ್ ಶಾಲೆಯ ಬಸ್ಸು ಓಡಿಸಿ ಬಂದು, ದಿನವೂ ಎರಡು ಗಂಟೆ ಮೇಲಿನ ಗೋಡೆಗಳಿಗೆ ಬಣ್ಣ ಹೊಡೆಯುತ್ತಿದ್ದ. ಆ ಚಳಿಗಾಲದಲ್ಲಿ ಅವನ ಬಣ್ಣ ಗೋಡೆಗಿಂತ ಹೆಚ್ಚಾಗಿ ನೆಲಕ್ಕೆ, ಕಿಟಕಿಯ ಗಾಜಿಗೆ, ಅವನ ಕೂದಲಿಗೇ ಹತ್ತುತ್ತಿತ್ತು. ವಯಸ್ಸಾಯಿತಲ್ಲ ಎಂದು ನಕ್ಕಿದ್ದೆ.

ಎಪ್ಪತ್ತೊಂಬತ್ತನೇ ಇಸವಿಯ ಬೂದಿ ಬುಧವಾರ, ಈಸ್ಟರಿಗೆ ಮುಂಚಿನ ಉಪವಾಸ ಶುರುವಾಗುವ ದಿನ. ಹಣೆಗೆ ಬೂದಿಯ ಶಿಲುಬೆ ಹಚ್ಚಿಸಿಕೊಂಡು ಬಂದು ಎಲ್ಲರೂ ಊಟಕ್ಕೆ ಕೂತಿದ್ದೆವು. ಉಪವಾಸದ ದಿನವಾದ್ದರಿಂದ ಆಲೂಗಡ್ಡೆ ಸೂಪು, ಸೋಡಾ ಬ್ರೆಡ್ಡು, ಅಷ್ಟೆ. ಎಮೆಟ್ ಸೂಪಿನ ಬೋಗುಣಿಯನ್ನು ಅತ್ತೆಯ ಕಡೆ ಚಾಚಿದ. ಅವನ ಕೈ ತನ್ನಷ್ಟಕ್ಕೆ ತಾನೇ ಎಗರಿತು. ಬೋಗುಣಿ ನೆಲಕ್ಕೆ ಬಿದ್ದು ಚೂರಾಯಿತು, ಬಿಸಿ ಸೂಪು ಅತ್ತೆಯ ಮಡಿಲಿಗೆ ಚೆಲ್ಲಿತು.

ಅತ್ತೆ ಮಡಿಲನ್ನೂ ಒರೆಸಿಕೊಳ್ಳದೆ ಮಗನನ್ನೇ ನೋಡುತ್ತ ಕೂತಿದ್ದರು.

"ಕೊನೆಗೂ ಅಪ್ಪನ ಮಗನೇ ಆದೆ," ಅಂದರು.

"ಕೈ ಜಾರಿತಮ್ಮ, ಅಷ್ಟೇ."

"ಅವನೂ ಹಾಗೇ ಅಂತಿದ್ದ."

ಅವತ್ತೇ ನಾನು ಮೊದಲ ಸಲ ಅವನ ಬಾಯಿ ಮೂಸಿದ್ದು. ಚೂರು ಆರಿಸುವ ನೆಪದಲ್ಲಿ ಪಕ್ಕ ಬಾಗಿ ಮೂಸಿದೆ. ಈರುಳ್ಳಿ ಬಿಟ್ಟರೆ ಬೇರೇನೂ ಇರಲಿಲ್ಲ. ಆದರೆ ಅನುಮಾನಕ್ಕೆ ವಾಸನೆಯೇನೂ ಬೇಕಿಲ್ಲ.

ಮಾರನೇ ವಾರ ಒಬ್ಬ ತಾಯಿ ಬಸ್ ಡಿಪೋಗೆ ದೂರು ಕೊಟ್ಟಳು. ಡ್ರೈವರ್ ತೂರಾಡುತ್ತ ಬಸ್ಸಿನಿಂದ ಇಳಿದ, ಮಾತು ತೊದಲುತ್ತಿತ್ತು ಅಂತ. ಡಿಪೋದವರು ಕೀಲಿ ಇಸಿದುಕೊಂಡು ಮನೆಗೆ ಕಳಿಸಿದರು. ಅವರು ತಪ್ಪು ಮಾಡಿದರು ಎಂದು ನಾನು ಹೇಳಲಾರೆ, ಬಸ್ಸಿನಲ್ಲಿ ಮಕ್ಕಳಿದ್ದರು. ಆದರೆ ಮಧ್ಯಾಹ್ನ ಹನ್ನೆರಡಕ್ಕೇ ಗಂಡ ಮನೆಗೆ ಬಂದು ಟೋಪಿ ಕೈಯಲ್ಲಿ ಹಿಡಿದು ಬಾಗಿಲಲ್ಲಿ ನಿಂತಾಗ ನಾನು ಕೇಳಿದ ಮೊದಲ ಮಾತು, "ಎಲ್ಲಿ ಬಚ್ಚಿಟ್ಟಿದ್ದೀಯ?" ಅದನ್ನು ನೆನೆದರೆ ಈಗಲೂ ನನ್ನ ಬಾಯಿಗೆ ನಾನೇ ಹೊಡೆದುಕೊಳ್ಳಬೇಕು ಅನ್ನಿಸುತ್ತದೆ.

ಹುಡುಕಿದೆ. ಕಕ್ಕಸಿನ ನೀರಿನ ತೊಟ್ಟಿ, ಬಾಯ್ಲರಿನ ಹಿಂದೆ, ಮೇಲಿನ ಮನೆಯ ಬಣ್ಣದ ಡಬ್ಬಗಳು, ಅವನ ಮಳೆಗಾಲದ ಬೂಟು, ಒಂದನ್ನೂ ಬಿಡಲಿಲ್ಲ. ಒಂದು ಬಾಟಲಿಯೂ ಸಿಗಲಿಲ್ಲ. ಎಷ್ಟು ಜಾಣತನದಿಂದ ಬಚ್ಚಿಡುತ್ತಾನಲ್ಲ ಎಂದು ಸಿಟ್ಟು ಇನ್ನೂ ಏರಿತು. ಬಾಟಲಿ ಸಿಕ್ಕಿದ್ದರೆ ಬಹುಶಃ ಅಷ್ಟು ಬೈಯುತ್ತಿರಲಿಲ್ಲ. ಗೋಡೆಯ ಮೇಲಿದ್ದ ಆಣೆಯ ಕಾಗದವನ್ನು ತೆಗೆದು, ಕಟ್ಟಿನ ಸಮೇತ ಚಮಚಗಳ ಡ್ರಾಯರಿನಲ್ಲಿ ಬೋರಲು ಹಾಕಿದೆ. ಅವನು ನೋಡುತ್ತ ನಿಂತಿದ್ದ.

"ಡೆಲಿಯಾ, ನಾನು ಕುಡಿದಿಲ್ಲ."

"ನಿನ್ನ ಕಾಲು ಕೇಳು, ಅದು ಹೇಳುತ್ತೆ."

ಗೋಡೆಯ ಮೇಲೆ ಆ ಚೌಕದಷ್ಟು ಜಾಗ ಮಾತ್ರ ಬೆಳ್ಳಗೆ ಉಳಿಯಿತು.

ಆಮೇಲೆ ಅವನು ಮನೆಯಲ್ಲೇ ಇದ್ದ. ಆಲೂಗಡ್ಡೆ ಹೆರೆಯಲು ಕೂತರೆ ಸಿಪ್ಪೆಯ ಜೊತೆ ಅರ್ಧ ಗಡ್ಡೆಯೂ ಹೋಗುತ್ತಿತ್ತು. ಬಟ್ಟೆ ಒಣಹಾಕಲು ಹಿಂದಿನ ಜಗಲಿಗೆ ಹೋದರೆ ಕ್ಲಿಪ್ಪುಗಳು ಒಂದೊಂದಾಗಿ ಕೆಳಗಿನ ಅಂಗಳಕ್ಕೆ ಬೀಳುತ್ತಿದ್ದವು. ಅವು ಬಿದ್ದಾಗಲೆಲ್ಲ ಅತ್ತೆ ಕೆಳಗಿನ ಕಿಟಕಿ ತೆರೆದು ಮೇಲೆ ನೋಡಿ, ಏನೂ ಅನ್ನದೆ ಮುಚ್ಚುತ್ತಿದ್ದರು. ನನ್ನ ಹತ್ತಿರ ಮಾತ್ರ ಪಾದ್ರಿಯನ್ನು ಕರೆಸು, ಕುಡಿತ ಬಿಡಿಸುವವರ ಸಭೆಗೆ ಕಳಿಸು ಎಂದು ದಿನಕ್ಕೆರಡು ಸಲ ಹೇಳುತ್ತಿದ್ದರು. ಪಾದ್ರಿ ಬಂದರು. ಎಮೆಟ್ ಅವರ ಮುಂದೆಯೂ ಕುಡಿದಿಲ್ಲ ಎಂದೇ ಹೇಳಿದ. ಒಪ್ಪಿಕೊಳ್ಳದಿರುವುದೇ ಈ ಚಟದ ಮೊದಲ ಲಕ್ಷಣ ಎಂದು ಪಾದ್ರಿ ಮೆಟ್ಟಿಲಲ್ಲಿ ನನಗೆ ಪಿಸುಗುಟ್ಟಿ ಹೋದರು. ಅವನಿಗೆ ಬಿಡಿಸಿಕೊಳ್ಳಲು ಯಾವ ದಾರಿಯನ್ನೂ ನಾವು ಉಳಿಸಿರಲಿಲ್ಲ.

ರೋಸಲೀನ್ ಒಬ್ಬಳೇ ಅವನ ಕೈ ನೋಡದೆ ಕಾಲು ನೋಡುತ್ತಿದ್ದವಳು. ಅವಳು ನಗರದ ಗ್ರಂಥಾಲಯದಲ್ಲಿ ಗುಮಾಸ್ತೆ, ಸುಮ್ಮನೆ ಕೂತು ಗಮನಿಸುವುದು ಅವಳ ಸ್ವಭಾವ. ಸೇಂಟ್ ಪ್ಯಾಟ್ರಿಕ್ ಹಬ್ಬದ ಮಧ್ಯಾಹ್ನ ಎಲೆಕೋಸು, ಉಪ್ಪಿನ ಮಾಂಸದ ಊಟ ಮುಗಿಸಿ ಎಲ್ಲರೂ ಕೂತಿದ್ದಾಗ ಅವಳು ಟೇಬಲ್ಲಿನ ಕೆಳಗೆ ಬಗ್ಗಿ, "ಅಮ್ಮ, ಬಾ ಇಲ್ಲಿ, ನೋಡು," ಅಂದಳು. ಎಮೆಟ್ ಬೂಟು ಬಿಚ್ಚಿ ಕೂತಿದ್ದ. ಕಾಲ್ಬೆರಳುಗಳು ಪಿಯಾನೋ ನುಡಿಸಿದ ಹಾಗೆ ಒಂದೇ ಸಮನೆ ಆಡುತ್ತಿದ್ದವು.

"ಬೆಳಗ್ಗೆಯಿಂದ ಅಪ್ಪ ನಮ್ಮ ಕಣ್ಣೆದುರೇ ಇದಾನೆ. ಯಾವಾಗ ಕುಡಿದ, ಹೇಳು?"

"ಸುಮ್ನಿರೇ," ಅಂದರು ಅತ್ತೆ. "ಹಬ್ಬದ ದಿನ ಇದೆಲ್ಲ ಬೇಡ."

ನಾನು ಕಾಲ್ಬೆರಳುಗಳನ್ನೇ ನೋಡುತ್ತಿದ್ದೆ.

ರೋಸಲೀನ್ ಅವನನ್ನು ಬಾಸ್ಟನ್ನಿನ ನರರೋಗದ ಡಾಕ್ಟರ ಹತ್ತಿರ ಕರೆದುಕೊಂಡು ಹೋದಳು. ಡಾಕ್ಟರು ನಡೆಸಿ ನೋಡಿದರು, ನಾಲಿಗೆ ಚಾಚಿಸಿ ನೋಡಿದರು, ನೂರರಿಂದ ಏಳೇಳು ಕಳೆಯಲು ಹೇಳಿದರು. ಆಮೇಲೆ, ನನಗೊಂದು ಅನುಮಾನವಿದೆ, ಅದನ್ನು ಖಚಿತ ಮಾಡುವ ರಕ್ತಪರೀಕ್ಷೆ ಇನ್ನೂ ಬಂದಿಲ್ಲ, ನಿಮ್ಮ ಮನೆತನವೇ ಪರೀಕ್ಷೆ ಅಂದರಂತೆ. ಅಪ್ಪನ ಕಡೆಯ ವಂಶವೃಕ್ಷ ಬರೆದುಕೊಂಡು ಬನ್ನಿ, ಯಾರು ಎಷ್ಟನೇ ವಯಸ್ಸಿಗೆ ಸತ್ತರು, ಸಾಯುವ ಮುಂಚೆ ಹೇಗಿದ್ದರು, ಅದಷ್ಟೇ ನನಗೆ ಬೇಕು ಎಂದು ಕಳಿಸಿದರು.

ಅವತ್ತಿನಿಂದ ನಮ್ಮ ಊಟದ ಟೇಬಲ್ಲಿನ ಅರ್ಧ ಭಾಗ ರೋಸಲೀನ್‌ಳದಾಯಿತು. ದೊಡ್ಡ ಕಾಗದ ಹಾಸಿ ಗೆರೆ ಎಳೆದಳು. ತುದಿಯಲ್ಲಿ ಮಲಾಕಿ ಟಾರ್ಪಿ, ಐರ್ಲೆಂಡಿನ ಕ್ಲೇರ್ ಕಡೆಯಿಂದ ಸಾವಿರದೆಂಟುನೂರ ಎಂಬತ್ತರಲ್ಲಿ ಹಡಗಿಳಿದವನು. ಅವನ ಕೆಳಗೆ ಮಗ ಕಾನ್, ಕಾನ್‌ನ ಕೆಳಗೆ ಎಮೆಟ್. ಅತ್ತೆಯ ಪ್ರಾರ್ಥನೆ ಪುಸ್ತಕದಲ್ಲಿ ಸತ್ತವರ ಹೆಸರಿನ ಚೀಟಿಗಳಿದ್ದವು, ಅವನ್ನು ಕೇಳಿದರೆ ಅತ್ತೆ ಪುಸ್ತಕ ಮುಚ್ಚಿ ಅದರ ಮೇಲೆ ಕೂತುಬಿಟ್ಟರು. ಗೊತ್ತಿರೋದನ್ನ ಯಾಕೆ ಹುಡುಕ್ತೀಯ, ಎಲ್ಲರೂ ಕುಡಿದು ಸತ್ತರು ಅಂತ ಬರೆದುಕೋ, ಆಯಿತಲ್ಲ ಅಂದರು. ರೋಸಲೀನ್ ಪೆನ್ಸಿಲಿನಲ್ಲಿ ಹಾಗೇ ಬರೆದಳು. ಮಲಾಕಿ, ನಲವತ್ತೊಂಬತ್ತು, ಕುಡಿದು ರೈಲು ಹಳಿಯ ಮೇಲೆ ಬಿದ್ದು. ಕಾನ್, ಐವತ್ತೊಂದು, ಕುಡಿತ.

ಮಗಳು ಊಟದ ಬಿಡುವಿನಲ್ಲಿ ನಗರಸಭೆಯ ಮರಣದ ದಾಖಲೆ ತಿರುವಿದಳು. ಅಲ್ಲಿ ಕಾನ್‌ನ ಹೆಸರಿನ ಮುಂದೆ ಇದ್ದದ್ದು ನ್ಯುಮೋನಿಯಾ. ಹುಚ್ಚಾಸ್ಪತ್ರೆಯ ಕಾಗದ ಬೇಕೆಂದರೆ ಹೆಂಡತಿಯ ಸಹಿ ಬೇಕು. ಅತ್ತೆ ಸಹಿ ಹಾಕಲು ಒಪ್ಪಲಿಲ್ಲ. ಶನಿವಾರ ನಾನೂ ಮಗಳೂ ಸ್ಮಶಾನಕ್ಕೆ ಹೋಗಿ ಹಿಮ ಕರಗಿದ ಕೆಸರಿನಲ್ಲಿ ಕಲ್ಲುಗಳನ್ನು ಉಜ್ಜಿ ಓದಿದೆವು. ಮಲಾಕಿಯ ಕಲ್ಲಿನ ಕೊನೆಯಲ್ಲಿ, ಪಾಚಿಯ ಅಡಿಯಲ್ಲಿ, ಮನೆಯಲ್ಲಿ ಯಾರೂ ಆಡದ ಒಂದು ಹೆಸರಿತ್ತು: ಮಗಳು, ಸಿಸ್ಟರ್ ಕೊಲಂಬಾ, ಕನ್ಯಾಮಠದಲ್ಲಿ ನಿಧನ, ವಯಸ್ಸು ನಲವತ್ತೊಂಬತ್ತು.

ಎಮೆಟ್‌ನನ್ನು ಕೇಳಿದರೆ, ಅಪ್ಪನಿಗೊಬ್ಬ ಅಕ್ಕನೋ ತಂಗಿಯೋ ಸನ್ಯಾಸಿನಿ ಇದ್ದಳು ಅಂತ ಕೇಳಿದ್ದೆ, ನೋಡಿಲ್ಲ ಅಂದ. ಸನ್ಯಾಸಿನಿ ಅಂದರೆ ಮನೆತನಕ್ಕೇ ಹೆಮ್ಮೆ, ನಮ್ಮವರು ಹತ್ತು ಮನೆಗೆ ಹೇಳಿಕೊಂಡು ತಿರುಗುತ್ತಾರೆ. ಟಾರ್ಪಿಗಳು ಬಾಯಿ ಹೊಲಿದುಕೊಂಡದ್ದೇಕೆ ಎಂದು ನಾನೂ ರೋಸಲೀನೂ ಮುಖ ಮುಖ ನೋಡಿಕೊಂಡೆವು.

ನಾವಿಬ್ಬರೂ ಹುಡುಕಿಕೊಂಡು ಹೋದ ಕನ್ಯಾಮಠದಲ್ಲಿ ತೊಂಬತ್ತರ ಹತ್ತಿರದ ಸಿಸ್ಟರ್ ಒಬ್ಬರಿಗೆ ಕೊಲಂಬಾ ನೆನಪಿದ್ದರು. ಕಿಟಕಿಯ ಬಿಸಿಲಿಗೆ ಕುರ್ಚಿ ಎಳೆದುಕೊಂಡು, ನಮಗೆ ಚಹಾ ತರಿಸಿ ನಿಧಾನಕ್ಕೆ ಹೇಳಿದರು. ಕೊಲಂಬಾ ಮೂರನೇ ಕ್ಲಾಸಿಗೆ ಪಾಠ ಹೇಳುತ್ತಿದ್ದರಂತೆ. ನಲವತ್ತು ದಾಟುತ್ತಿದ್ದಂತೆ ಕೈಯಲ್ಲಿ ಸೀಮೆಸುಣ್ಣ ನಿಲ್ಲುತ್ತಿರಲಿಲ್ಲವಂತೆ. ಆಮೇಲೆ ನಡಿಗೆ ಹೋಯಿತು, ಮಾತು ಹೋಯಿತು, ಕೊನೆಗೆ ಮಂಚಕ್ಕೆ ದಿಂಬು ಕಟ್ಟಿ ಮಲಗಿಸಬೇಕಾಯಿತು. ಅವರ ಅಣ್ಣನ ಹೆಂಡತಿ ಒಬ್ಬಳು ಬರುತ್ತಿದ್ದಳು, ತಿಂಗಳಿಗೊಂದು ಸಲ ತಪ್ಪದೆ ಬಂದು ತಲೆ ಬಾಚಿ ಹೋಗುತ್ತಿದ್ದಳು ಅಂದರು.

"ಹೆಸರು ನೆನಪಿದೆಯಾ, ಸಿಸ್ಟರ್?" ಎಂದು ರೋಸಲೀನ್ ಕೇಳಿದಳು.

"ಅಗಾಥಾ."

ಹೊರಡುವಾಗ ರೋಸಲೀನ್ ಒಂದೇ ಒಂದು ಪ್ರಶ್ನೆ ಕೇಳಿದಳು, ಸಿಸ್ಟರ್ ಕೊಲಂಬಾ ಕುಡಿಯುತ್ತಿದ್ದರಾ ಅಂತ. ಆ ಮುದುಕಿ ನಕ್ಕುಬಿಟ್ಟರು. ಪೂಜೆಯ ದ್ರಾಕ್ಷಾರಸವನ್ನೂ ನಾವು ಮುಟ್ಟುತ್ತಿರಲಿಲ್ಲ ಮಗು, ಆಗ ಅದು ಪಾದ್ರಿಗೆ ಮಾತ್ರ ಅಂದರು.

ಬಸ್ಸಿಳಿದವಳೇ ನಾನು ಕೋಟೂ ಬಿಚ್ಚದೆ ಅತ್ತೆಯ ಅಡುಗೆಮನೆಗೆ ನುಗ್ಗಿದೆ. ಅವರು ಶುಕ್ರವಾರದ ಮೀನಿನ ವಡೆ ತಟ್ಟುತ್ತಿದ್ದರು. ಎಮೆಟ್ ಅಲ್ಲೇ ಮೂಲೆಯ ಬೆಂಚಿನ ಮೇಲೆ ಕೂತಿದ್ದ. ಅವನಿದ್ದಾನೆ ಎಂದು ನಾನು ತಡೆದುಕೊಳ್ಳಲಿಲ್ಲ.

"ಕೊಲಂಬಾ ತಲೆ ಬಾಚ್ತಿದ್ದವರು ನೀವು. ನಿಮಗೆ ಎಲ್ಲಾ ಗೊತ್ತಿತ್ತು."

ಅತ್ತೆ ಕೈ ತೊಳೆದುಕೊಂಡರು. ಬಟ್ಟೆಯಲ್ಲಿ ಒಂದೊಂದೇ ಬೆರಳನ್ನು ಒರೆಸಿಕೊಂಡರು. ಎಪ್ಪತ್ತಾರು ವರ್ಷದ ಹೆಂಗಸು, ಅಷ್ಟು ಹೊತ್ತು ನಿಂತೇ ಇದ್ದರು.

"ಗೊತ್ತಿತ್ತು," ಅಂದರು. "ನಲವತ್ತೆರಡನೇ ಇಸವಿಯಲ್ಲಿ ಆಸ್ಪತ್ರೆ ಡಾಕ್ಟರು ಹೇಳಿದ. ಕುಡಿತ ಅಲ್ಲ, ರಕ್ತದಲ್ಲೇ ಇದೆ, ಮಕ್ಕಳಿಗೂ ಬರಬಹುದು ಅಂತ. ನಿಮ್ಮ ಮಾವ ಜೀವಮಾನದಲ್ಲಿ ವಾರಕ್ಕೊಂದು ಬಿಯರ್ ಕುಡಿದಿದ್ರೆ ಹೆಚ್ಚು."

"ಮತ್ತೆ ಊರಿಗೆಲ್ಲ ಕುಡುಕ ಅಂತ ಸಾರಿದ್ರಲ್ಲ."

"ಸಾರಿದೆ. ಪಾದ್ರಿಗೂ ಹಾಗೇ ಹೇಳ್ದೆ. ಕುಡುಕನ ಮಗನಿಗೆ ಹೆಣ್ಣು ಕೊಡ್ತಾರೆ ಕಣೆ, ಡೆಲಿಯಾ. ಹುಚ್ಚುರಕ್ತದವನಿಗೆ ಯಾರು ಕೊಡ್ತಾರೆ? ನಿಮ್ಮಪ್ಪ ಕೊಡ್ತಿದ್ರಾ?"

ಕೊಡುತ್ತಿರಲಿಲ್ಲ, ಖಂಡಿತ ಕೊಡುತ್ತಿರಲಿಲ್ಲ. ಈ ಮುದುಕಿ ನನ್ನನ್ನು ಕಣ್ಣು ಕಟ್ಟಿ ಮನೆ ತುಂಬಿಸಿಕೊಂಡಳು ಎಂಬ ಸಿಟ್ಟು ಉಕ್ಕಿತು. ನಿಮಗೆ ದೇವರಿದ್ದಾನಾ, ನನ್ನ ಮಗಳ ಗತಿಯೇನು, ಇಪ್ಪತ್ತೈದು ವರ್ಷ ಎದುರೆದುರು ಕೂತು ಉಂಡಿರಲ್ಲ ಎಂದು ಕಿರುಚಾಡಿದೆ. ಅತ್ತೆ, ಮಗನಿಗೆ ನಲವತ್ತು ದಾಟಿದ ದಿನದಿಂದ ನನಗೊಂದು ಆಸೆಯಿತ್ತು, ಇವನಿಗೆ ತಪ್ಪಿತೇನೋ ಎಂದುಕೊಂಡಿದ್ದೆ, ಸೂಪು ಚೆಲ್ಲಿದ ದಿನ ಅದೂ ಹೋಯಿತು, ಕುಡಿತವೇ ಆಗಿರಲಿ ಎಂದು ದಿನಾ ಜಪಮಾಲೆ ಹಿಡಿದು ಬೇಡುತ್ತಿದ್ದೇನೆ ಅಂದರು.

ಎಮೆಟ್ ಮೂಲೆಯಿಂದ ಎದ್ದು ಬಂದ. ಅವನ ತೋಳು ಒಂದು ಕಡೆಗೆ, ಭುಜ ಒಂದು ಕಡೆಗೆ ಎಳೆಯುತ್ತಿತ್ತು.

"ಅಮ್ಮ, ಅಪ್ಪ ಆಸ್ಪತ್ರೇಲಿದ್ದಾಗ ನನ್ನ ಕೇಳ್ತಿದ್ನಾ?"

ಅತ್ತೆ ಹೌದೆಂದು ತಲೆಯಾಡಿಸಿದರು.

"ನಾನು ಒಂದ್ಸಲನೂ ಹೋಗ್ಲಿಲ್ಲ. ಕುಡುಕ ಅಂತ. ಹೆಣದ ಪೆಟ್ಟಿಗೆ ಮುಚ್ಚೋವಾಗ ಮುತ್ತು ಕೊಡು ಅಂದ್ರು, ಕೊಡ್ಲಿಲ್ಲ. ಅವನ ಹಾಗೆ ಆಗಬಾರದು ಅಂತ ಮೂವತ್ನಾಲ್ಕು ವರ್ಷ ನಾಲಿಗೆಗೆ ಒಂದು ಹನಿ ಸೋಕಿಸಲಿಲ್ಲ. ಅದೆಲ್ಲ ಯಾತಕ್ಕಮ್ಮ?"

ಅತ್ತೆ ಆಗ ಕೂತರು. ನನ್ನ ಹಿಂದೆಯೇ ಬಂದಿದ್ದ ರೋಸಲೀನ್ ಆಸ್ಪತ್ರೆಗೆ ಸಹಿ ಬೇಕಿದ್ದ ಕಾಗದವನ್ನು ಅವರ ಮುಂದೆ ಇಟ್ಟಳು. ಅತ್ತೆ ಕನ್ನಡಕ ಹುಡುಕಿ ಹಾಕಿಕೊಂಡು ತಮ್ಮ ಪೂರ್ತಿ ಹೆಸರು ಬರೆದು ಸಹಿ ಹಾಕಿದರು. ಬಾಣಲೆಯಲ್ಲಿ ಮೀನಿನ ವಡೆ ಕರಕಲಾಗಿತ್ತು, ಅವತ್ತು ಯಾರೂ ಊಟ ಮಾಡಲಿಲ್ಲ.

ಈಸ್ಟರಿಗೆ ಮುಂಚಿನ ಪವಿತ್ರ ವಾರದ ಮಂಗಳವಾರ ಎಮೆಟ್, ರೋಸಲೀನ್, ನಾನು ಮೂವರೂ ಬಾಸ್ಟನ್ನಿಗೆ ಹೋದೆವು. ಡಾಕ್ಟರು ರೋಸಲೀನ್‌ಳ ವಂಶವೃಕ್ಷವನ್ನೂ ಆಸ್ಪತ್ರೆಯ ಹಳೆಯ ಕಾಗದವನ್ನೂ ಪಕ್ಕಪಕ್ಕದಲ್ಲಿಟ್ಟು ಬಹಳ ಹೊತ್ತು ಓದಿದರು. ಇಷ್ಟು ಚೊಕ್ಕವಾಗಿ ಯಾರೂ ತಂದುಕೊಟ್ಟಿಲ್ಲ ಎಂದು ಅವಳನ್ನು ಹೊಗಳಿದರು. ಆಮೇಲೆ ಕಾಯಿಲೆಯ ಹೆಸರು ಹೇಳಿದರು, ಹಂಟಿಂಗ್ಟನ್ ಅಂತ. ಮದ್ದಿಲ್ಲ. ಹತ್ತು ವರ್ಷ, ಹದಿನೈದು ವರ್ಷ, ಮೆಲ್ಲಗೆ ಎಲ್ಲವನ್ನೂ ಕಿತ್ತುಕೊಳ್ಳುತ್ತದೆ. ಮಕ್ಕಳಿಗೆ ಬರಬಹುದು, ಬರದೆಯೂ ಇರಬಹುದು, ನಾಣ್ಯ ಚಿಮ್ಮಿದ ಹಾಗೆ. ನಲವತ್ತರ ಹತ್ತಿರ ಬರುವವರೆಗೂ ಯಾರಿಗೂ ತಿಳಿಯುವುದಿಲ್ಲ. ನಾನು ಕುಡಿತವೇ ಆಗಿರಲಿ ದೇವರೇ ಎಂದು ಅತ್ತೆಯ ಹಾಗೆಯೇ ಬೇಡಿಕೊಳ್ಳುತ್ತಿದ್ದೇನೆ ಎಂಬುದು ಅಲ್ಲಿ ಕೂತಾಗ ಅರಿವಾಯಿತು.

ವಾಪಸು ಬರುವಾಗ ರೈಲಿನಲ್ಲಿ ರೋಸಲೀನ್ ಕಾಗದ ಬಿಡಿಸಿ, ಮಲಾಕಿ, ಕಾನ್ ಇಬ್ಬರ ಮುಂದೆಯೂ ಬರೆದಿದ್ದ ಕುಡಿತದ ಮಾತನ್ನು ರಬ್ಬರಿನಿಂದ ಅಳಿಸಿದಳು. ಎಮೆಟ್ ನೋಡುತ್ತಿದ್ದ. ಅವನ ಹೆಸರಿನ ಕೆಳಗೆ ಇವಳ ಹೆಸರಿತ್ತು, ಅದರ ಕೆಳಗೆ ಎಳೆದಿದ್ದ ಪುಟ್ಟ ಗೆರೆಗೆ ಇನ್ನೂ ಯಾರ ಹೆಸರೂ ಇರಲಿಲ್ಲ.

"ಭಾನುವಾರ ಪೂಜೆ ಮುಗಿದ ಮೇಲೆ ಜೆರಾರ್ಡ್‌ಗೆ ನಾನೇ ಹೇಳ್ತೀನಿ," ಅಂದಳು. "ನೀವು ಯಾರೂ ಬಾಯಿ ಹಾಕಬೇಡಿ."

ಆಗಲಿ ಎಂದೆ. ನಿಜವಾಗಿಯೂ ಆಗಲಿ ಎಂದೇ ನನ್ನ ಮನಸ್ಸಿನಲ್ಲಿತ್ತು.

ಶನಿವಾರ ಬೆಳಗ್ಗೆ ಈಸ್ಟರಿಗೆ ಹ್ಯಾಮ್ ಬೇಯಲು ಇಟ್ಟಿದ್ದೆ. ಅತ್ತೆ ಮೇಲೆ ಬಂದು ಮೊಟ್ಟೆ ಸುಲಿಯುತ್ತಿದ್ದರು. ನಾವಿಬ್ಬರೂ ಮಾತು ಬಿಟ್ಟು ಎರಡು ವಾರವಾಗಿತ್ತು, ಆದರೂ ಹಬ್ಬದ ಕೆಲಸ ಕೆಲಸವೇ. ಎಮೆಟ್ ಟೇಬಲ್ಲಿಗೆ ಮೊಣಕೈ ಊರಿ ಕೂತಿದ್ದ. ಆಗ ಫೋನು ಬಂತು. ಬೀಗಿತ್ತಿಯಾಗಬೇಕಾದ ಅರ್ಸುಲಾ ಲಾಫ್ಟಸ್. ಹಬ್ಬದ ಮಾತೆಲ್ಲ ಆದ ಮೇಲೆ ದನಿ ತಗ್ಗಿಸಿ, ತಪ್ಪು ತಿಳಿಯಬೇಡಿ ಡೆಲಿಯಾ, ನಿಮ್ಮ ಯಜಮಾನರನ್ನು ಬಾಸ್ಟನ್ನಿನ ನರಗಳ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿದ್ದಿರಂತೆ, ನಮ್ಮ ಜೆರಾರ್ಡ್ ಏನೂ ಬಾಯಿ ಬಿಡುವುದಿಲ್ಲ, ಏನಂತೆ, ಮನೆತನದಲ್ಲಿ ಬರೋ ಅಂಥದ್ದು ಏನೂ ಅಲ್ಲ ತಾನೆ ಎಂದು ಕೇಳಿದಳು. ಮದುವೆಯ ಕರೆಯೋಲೆ ಅಚ್ಚಿಗೆ ಕೊಡಬೇಕು, ಅದಕ್ಕೇ ಕೇಳಿದೆ ಅಂದಳು.

ನನಗೆ ಮಗಳ ಮಾತು ನೆನಪಿತ್ತು. ಅವಳನ್ನೇ ಕೇಳಿ ಅನ್ನಬಹುದಿತ್ತು. ಮೇಲಿನ ಮನೆಯ ಗೋಡೆಗಳು ಅರ್ಧ ಬಣ್ಣಕ್ಕೆ ನಿಂತದ್ದು ನೆನಪಾಯಿತು. ಅತ್ತೆಯ ಕೈ ಮೊಟ್ಟೆಯ ಮೇಲೆ ನಿಂತುಬಿಟ್ಟಿತ್ತು. ಅವರು ನನ್ನನ್ನು ನೋಡಲಿಲ್ಲ.

"ಏನು ಹೇಳ್ಲಿ ಅರ್ಸುಲಾ, ನಾಚಿಕೆ ಆಗುತ್ತೆ," ಅಂದೆ. "ಕುಡಿತ. ಅವರಪ್ಪನ ಹಾಗೇ."

ಆ ಕಡೆಯಿಂದ ಉಸಿರು ಬಿಟ್ಟದ್ದು ಕೇಳಿಸಿತು. ಅಯ್ಯೋ ಪಾಪ, ಅಷ್ಟೇನಾ, ನಮ್ಮ ಮನೇಲೂ ಇಬ್ಬರು ಇದ್ದರು, ಚಿಂತೆ ಮಾಡಬೇಡಿ ಎಂದು ಅರ್ಸುಲಾ ನನಗೇ ಸಮಾಧಾನ ಹೇಳಿ ಫೋನಿಟ್ಟಳು.

ತಿರುಗಿ ನೋಡಿದರೆ ಬಾಗಿಲಲ್ಲಿ ರೋಸಲೀನ್ ನಿಂತಿದ್ದಳು. ಎಷ್ಟು ಹೊತ್ತಿನಿಂದ ನಿಂತಿದ್ದಳೋ. ಎರಡು ವಾರದ ಹಿಂದೆ ನಾನು ಅತ್ತೆಯನ್ನು ನೋಡಿದ್ದ ಕಣ್ಣಿನಲ್ಲೇ ನನ್ನನ್ನು ನೋಡಿದಳು. ಗೂಟದಿಂದ ಕೋಟು ತೆಗೆದುಕೊಂಡು, ಟೇಬಲ್ಲಿನ ಮೇಲಿದ್ದ ಆ ದೊಡ್ಡ ಕಾಗದವನ್ನು ಮಡಿಸಿ ಕೈಯಲ್ಲಿ ಹಿಡಿದು ಮೆಟ್ಟಿಲಿಳಿದು ಹೋದಳು. ಬೀದಿ ಬಾಗಿಲು ಮುಚ್ಚಿದ ಸದ್ದು ಕೇಳಿಸಿತು.

ಅಡುಗೆಮನೆಯಲ್ಲಿ ನಾವು ಮೂವರೇ ಉಳಿದೆವು. ಅತ್ತೆ ಸುಲಿದ ಮೊಟ್ಟೆಯೊಂದನ್ನು ತಟ್ಟೆಯಲ್ಲಿಟ್ಟು ನನ್ನ ಕಡೆ ಸರಿಸಿದರು.

"ಹಾಗಾದ್ರೆ ನಾನು ಕುಡಿದೆ ಅನ್ನು," ಅಂದ ಎಮೆಟ್.

"ಹೂಂ."

"ಜಾಸ್ತಿನಾ?"

"ಜಾಸ್ತಿನೇ."

ಅವನು ಚಹಾದ ಬಟ್ಟಲಿಗೆ ಎರಡೂ ಕೈ ಹಾಕಿದ. ಅದು ಸಾಸರಿನ ಮೇಲೆ ಗಡಗಡ ಅಂದಿತು. ನಾನು ಹೋಗಿ ಅವನ ಕೈಗಳ ಮೇಲೆ ನನ್ನ ಕೈ ಇಟ್ಟು ಬಟ್ಟಲನ್ನು ಅವನ ಬಾಯಿಗೆ ಹಿಡಿದೆ. ಅವನು ಕುಡಿದ. ಬಾಯಿ ಒರೆಸುವಾಗ ಅವನ ಉಸಿರು ನನ್ನ ಮುಖಕ್ಕೆ ತಾಗಿತು, ಬರೀ ಚಹಾದ ವಾಸನೆ.